ಸೂರ್ಯನ ನಗರಿ ಶ್ಯೌಲೇಯ್ ಮತ್ತು ಅದರ ನೆರೆಯ ಊರುಗಳು



ನಿಮ್ಮ ಬಳಿ ಅಟ್ಲಾಸ್ ಇದ್ದರೆ ಯೂರೋಪಿನ ಪುಟವನ್ನು ತೆರೆದಿಟ್ಟುಕೊಳ್ಳಿ. ಮೇಲ್ಭಾಗದಲ್ಲಿ ಬಾಲ್ಟಿಕ್ ಸಮುದ್ರವಿದೆ. ಅದರ ಪೂರ್ವದ ದಡದಲ್ಲಿ ಒಂದರ ಮೇಲೊಂದು ಜೋಡಿಸಿಟ್ಟಂತೆ ಮೂರು ಪುಟ್ಟ ದೇಶಗಳು ಕಾಣುತ್ತವೆ. ಎಲ್ಲಕ್ಕಿಂತ ಮೇಲಿರುವುದು ಎಸ್ಟೋನಿಯಾ, ನಡುವೆ ಲಾಟ್ವಿಯಾ, ಕೆಳಗೆ ಲಿಥುವೇನಿಯಾ. ಲಿಥುವೇನಿಯಾದ ವಿಸ್ತೀರ್ಣ ಸುಮಾರು 65,300 ಚದರ ಕಿಲೋಮೀಟರ್. ಅಂದರೆ ನಮ್ಮ ಕರ್ನಾಟಕದ ಮೂರನೆಯ ಒಂದು ಭಾಗದಷ್ಟು. ಇಡೀ ದೇಶದ ಜನಸಂಖ್ಯೆ ಮೂವತ್ತು ಲಕ್ಷವನ್ನು ಮುಟ್ಟುವುದಿಲ್ಲ. ನಮ್ಮ ಬೆಂಗಳೂರೊಂದೇ ಅದನ್ನು ಬಹಳ ಹಿಂದೆಯೇ ದಾಟಿ ಹೋಗಿದೆ.

ಲಿಥುವೇನಿಯಾಕ್ಕೆ ಹೋದವರು ಸಾಮಾನ್ಯವಾಗಿ ರಾಜಧಾನಿ ವಿಲ್ನಿಯಸ್ಸನ್ನು ನೋಡಿ ಹಿಂತಿರುಗುತ್ತಾರೆ. ನಾವು ಇಂದು ಅಲ್ಲಿ ನಿಲ್ಲುವುದು ಬೇಡ. ವಿಲ್ನಿಯಸ್‌ನಿಂದ ಕಡಲತೀರದ ಕ್ಲೈಪೆಡಾ ಕಡೆಗೆ ಹೊರಡುವ ರೈಲನ್ನು ಹತ್ತೋಣ. ಸುಮಾರು ಎರಡೂವರೆ ಗಂಟೆಯ ಪ್ರಯಾಣ. ಹೊರಗೆ ಚಪ್ಪಟೆ ನೆಲ, ಗೋಧಿಯ ಹೊಲಗಳು, ನಡುನಡುವೆ ಬರ್ಚ್ ಮತ್ತು ಪೈನ್ ಮರಗಳ ಕಾಡು. ಇಳಿಯಬೇಕಾದ ಊರು ಶ್ಯೌಲೇಯ್. ಇದು ದೇಶದ ನಾಲ್ಕನೆಯ ದೊಡ್ಡ ನಗರ. ದೊಡ್ಡದೆಂದರೂ ಜನಸಂಖ್ಯೆ ಒಂದು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ.

ನಿಲ್ದಾಣದಿಂದ ಹೊರಗೆ ಬಂದಾಗ ನಿಮಗೆ ಕೊಂಚ ನಿರಾಶೆಯಾಗಬಹುದು. ಚಿತ್ರಗಳಲ್ಲಿ ನೋಡುವಂಥ ಹಳೆಯ ಪೇಟೆ, ಕಲ್ಲು ಹಾಸಿದ ಕಿರಿದಾದ ಓಣಿಗಳು ಇಲ್ಲಿಲ್ಲ. ಇದಕ್ಕೆ ಕಾರಣವಿದೆ. ಮೊದಲನೆಯ ಮಹಾಯುದ್ಧದಲ್ಲಿ, 1915ರಲ್ಲಿ, ಈ ಊರಿನ ಬಹುಭಾಗ ಸುಟ್ಟುಹೋಯಿತು. ಜನ ಮತ್ತೆ ಕಟ್ಟಿದರು. ಎರಡನೆಯ ಮಹಾಯುದ್ಧದಲ್ಲಿ, 1944ರಲ್ಲಿ, ಮತ್ತೊಮ್ಮೆ ಬಹುಭಾಗ ನೆಲಸಮವಾಯಿತು. ಜನ ಇನ್ನೊಮ್ಮೆ ಕಟ್ಟಿದರು. ಒಂದೇ ಜೀವಮಾನದಲ್ಲಿ ತಮ್ಮ ಊರನ್ನು ಎರಡು ಸಲ ಕಳೆದುಕೊಂಡ ಜನ ಇಲ್ಲಿದ್ದರು. ಹಾಗಾಗಿ ಈ ಊರನ್ನು ಮತ್ತು ಇದರ ಸುತ್ತಲಿನ ಊರುಗಳನ್ನು ನೋಡುವಾಗ ಒಂದು ಪ್ರಶ್ನೆಯನ್ನು ಜೊತೆಗಿಟ್ಟುಕೊಳ್ಳೋಣ. ಕಳೆದುಹೋದದ್ದರಲ್ಲಿ ಏನು ಮರಳಿ ಬಂತು? ಏನು ಮರಳಿ ಬರಲಿಲ್ಲ?

ಮೊದಲು ಊರಿನ ಹೆಸರಿನಿಂದ ಆರಂಭಿಸೋಣ. 1236ನೆಯ ಇಸವಿಯ ಸೆಪ್ಟೆಂಬರ್ 22ರಂದು ಈ ಸೀಮೆಯಲ್ಲಿ ಒಂದು ಯುದ್ಧ ನಡೆಯಿತು. 'ಖಡ್ಗ ಸಹೋದರರು' ಎಂದು ಕರೆಸಿಕೊಳ್ಳುತ್ತಿದ್ದ ಜರ್ಮನ್ ಯೋಧರ ಪಡೆಯನ್ನು ಇಲ್ಲಿನ ಬುಡಕಟ್ಟಿನ ಜನ ಸೋಲಿಸಿದರು. ಇತಿಹಾಸದಲ್ಲಿ ಇದು 'ಸೌಲೆ ಕದನ' ಎಂದು ಹೆಸರಾಗಿದೆ. ಯುದ್ಧ ನಡೆದ ನಿಖರವಾದ ಜಾಗದ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ಇದೆಯಾದರೂ ಶ್ಯೌಲೇಯ್ ನಗರ ಆ ದಿನವನ್ನೇ ತನ್ನ ಜನ್ಮದಿನವೆಂದು ಆಚರಿಸುತ್ತದೆ. ಲಿಥುವೇನಿಯಾದ ಭಾಷೆಯಲ್ಲಿ 'ಸೌಲೆ' ಎಂದರೆ ಸೂರ್ಯ. ಆದ್ದರಿಂದಲೇ ಊರಿಗೆ 'ಸೂರ್ಯನ ನಗರಿ' ಎಂಬ ಅಡ್ಡಹೆಸರು ಬಂದಿದೆ. ಆ ಭಾಷೆಯಲ್ಲಿ ಸೂರ್ಯ ಸ್ತ್ರೀಲಿಂಗ. ನಮಗೆ ಸೂರ್ಯ ಅಪ್ಪನ ಹಾಗೆ ಕಂಡರೆ ಅವರಿಗೆ ಅಮ್ಮನ ಹಾಗೆ. ವರ್ಷದ ಅರ್ಧಭಾಗ ಚಳಿಯಲ್ಲಿ ಕಳೆಯುವವರಿಗೆ ಅದು ಸಹಜವೇ. ಈ ಊರು ಸುಮಾರು 56 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಬೆಂಗಳೂರು ಇರುವುದು 13ರಲ್ಲಿ. ಇಲ್ಲಿ ಜೂನ್ ತಿಂಗಳಿನಲ್ಲಿ ಹಗಲು ಹದಿನೇಳು ಗಂಟೆಗೂ ಹೆಚ್ಚು. ಡಿಸೆಂಬರಿನಲ್ಲಿ ಏಳು ಗಂಟೆ ಬೆಳಕು ಕಂಡರೆ ಅದೇ ಹೆಚ್ಚು.

ನಗರದ ನಡುವೆ ಒಂದು ಚೌಕವಿದೆ. ಅಲ್ಲಿ 18 ಮೀಟರ್ ಎತ್ತರದ ಕಂಬದ ತುದಿಯಲ್ಲಿ ಚಿನ್ನದ ಬಣ್ಣದ ಬಿಲ್ಲುಗಾರ ನಿಂತಿದ್ದಾನೆ. ಇದನ್ನು 1986ರಲ್ಲಿ, ಊರಿನ 750ನೆಯ ವರ್ಷದ ನೆನಪಿಗೆ ನಿಲ್ಲಿಸಿದರು. ಈ ಕಂಬವೇ ಒಂದು ನೆರಳುಗಡಿಯಾರ. ಕಂಬದ ನೆರಳು ನೆಲದ ಮೇಲೆ ಸರಿಯುತ್ತ ಹೊತ್ತು ತೋರಿಸುತ್ತದೆ. ನೆಲದಲ್ಲಿ ಬರೆದಿರುವ ಅಂಕಿಗಳು ಮೂರೇ: 12, 3 ಮತ್ತು 6. ಏಕೆ ಮೂರೇ ಎಂದು ಯೋಚಿಸಿದಿರಾ? ಮೂರನ್ನೂ ಸೇರಿಸಿ ಓದಿ: 1236. ಊರಿನ ಹುಟ್ಟಿದ ವರ್ಷ!

ಅಲ್ಲಿಂದ ವಿಲ್ನಿಯಸ್ ಬೀದಿಗೆ ನಡೆದು ಬನ್ನಿ. 1975ರಿಂದ ಈ ಬೀದಿಯಲ್ಲಿ ವಾಹನಗಳಿಗೆ ಪ್ರವೇಶವಿಲ್ಲ, ನಡೆಯುವವರಿಗೆ ಮಾತ್ರ. ಸೈಕಲ್ ತಯಾರಿಕೆಗೆ ಹೆಸರಾದ ಊರಾದ್ದರಿಂದ ಇಲ್ಲಿ ಸೈಕಲ್‌ಗಳದೇ ಒಂದು ವಸ್ತು ಸಂಗ್ರಹಾಲಯವಿದೆ. 1913ರಲ್ಲಿ ಆರಂಭವಾದ 'ರೂತಾ' ಎಂಬ ಮಿಠಾಯಿ ಕಾರ್ಖಾನೆಯವರು ನಡೆಸುವ ಚಾಕೊಲೇಟ್ ಸಂಗ್ರಹಾಲಯವೂ ಇದೆ. ಊಟದ ಹೊತ್ತಾದರೆ ಗುಲಾಬಿ ಬಣ್ಣದ ತಣ್ಣನೆಯ ಸಾರನ್ನು ಕೇಳಿ ನೋಡಿ. ಬೀಟ್‌ರೂಟ್, ಹುಳಿ ಮಜ್ಜಿಗೆಯಂಥ ಹಾಲು, ಸೌತೆಕಾಯಿ, ಮೇಲೆ ಸಬ್ಬಸಿಗೆ ಸೊಪ್ಪು. ಪಕ್ಕದಲ್ಲಿ ಬಿಸಿ ಆಲೂಗಡ್ಡೆ. ಸಬ್ಬಸಿಗೆಯ ವಾಸನೆ ಮೂಗಿಗೆ ಬಂದಾಗ ದೂರದ ದೇಶ ಒಮ್ಮೆಗೇ ಹತ್ತಿರವಾಗುತ್ತದೆ.

ಹತ್ತಿರವೆನಿಸುವ ಇನ್ನೊಂದು ಸಂಗತಿಯನ್ನು ಹೇಳುತ್ತೇನೆ, ಗಮನವಿಟ್ಟು ಕೇಳಿ. ಈ ಊರಿನ ಮುಖ್ಯ ವಸ್ತು ಸಂಗ್ರಹಾಲಯ 1923ರಲ್ಲಿ ಸ್ಥಾಪನೆಯಾಯಿತು. ಅದರ ಹೆಸರು 'ಔಶ್ರ'. ಔಶ್ರ ಎಂದರೆ ಅವರ ಭಾಷೆಯಲ್ಲಿ ಬೆಳಗಿನ ಜಾವ. ನಮ್ಮ 'ಉಷೆ' ನೆನಪಾಯಿತೇ? ಅವರು ಬೆಂಕಿಗೆ 'ಉಗ್ನಿಸ್' ಎನ್ನುತ್ತಾರೆ, ನಾವು ಅಗ್ನಿ ಎನ್ನುತ್ತೇವೆ. ಅವರ 'ದೂಮೈ' ನಮ್ಮ ಧೂಮ, ಅವರ 'ದಿಯೆವಸ್' ನಮ್ಮ ದೇವ. ಮಗನಿಗೆ ಅವರು 'ಸೂನುಸ್' ಎನ್ನುತ್ತಾರೆ; ಹಳಗನ್ನಡ ಕಾವ್ಯ ಓದಿದವರಿಗೆ 'ಸೂನು' ಗೊತ್ತೇ ಇದೆ. ಇದರಿಂದ ಲಿಥುವೇನಿಯಾದ ಭಾಷೆ ಸಂಸ್ಕೃತದಿಂದ ಹುಟ್ಟಿತು ಎಂದು ಅವಸರದ ತೀರ್ಮಾನಕ್ಕೆ ಬರಬೇಡಿ. ಎರಡೂ ಒಂದೇ ಪುರಾತನ ಮೂಲದಿಂದ ಕವಲೊಡೆದ ಭಾಷೆಗಳು. ಕನ್ನಡವು ದ್ರಾವಿಡ ಕುಟುಂಬದ ಭಾಷೆ. ಈ ಮಾತುಗಳು ನಮಗೆ ಸಂಸ್ಕೃತದ ಮೂಲಕ ಬಂದವು. ಪದಗಳ ಹಳೆಯ ರೂಪವನ್ನು ಇಂದಿಗೂ ಇಷ್ಟು ಉಳಿಸಿಕೊಂಡಿರುವ ಜೀವಂತ ಭಾಷೆ ಯೂರೋಪಿನಲ್ಲಿ ವಿರಳವೆಂದು ಭಾಷಾಶಾಸ್ತ್ರಜ್ಞರು ಲಿಥುವೇನಿಯಾದ ಭಾಷೆಯನ್ನು ಆಸಕ್ತಿಯಿಂದ ಅಭ್ಯಾಸ ಮಾಡುತ್ತಾರೆ.

ಇಂಥ ಭಾಷೆಯನ್ನು ಒಂದು ಕಾಲಕ್ಕೆ ಅಚ್ಚು ಮಾಡುವುದೇ ಅಪರಾಧವಾಗಿತ್ತು ಎಂದರೆ ನಂಬುತ್ತೀರಾ? ಹತ್ತೊಂಬತ್ತನೆಯ ಶತಮಾನದಲ್ಲಿ ಲಿಥುವೇನಿಯಾ ರಷ್ಯದ ಚಕ್ರವರ್ತಿ ಜಾರ್‌ನ ಆಳ್ವಿಕೆಯಲ್ಲಿತ್ತು. 1863ರಲ್ಲಿ ಜನ ದಂಗೆ ಎದ್ದರು. ದಂಗೆಯನ್ನು ಅಡಗಿಸಿದ ಸರ್ಕಾರ ಮರುವರ್ಷ, 1864ರಲ್ಲಿ, ಒಂದು ವಿಚಿತ್ರ ನಿಷೇಧವನ್ನು ಹೇರಿತು. ಲಿಥುವೇನಿಯಾದ ಭಾಷೆಯನ್ನು ಅದರ ರೂಢಿಯ ಲ್ಯಾಟಿನ್ ಅಕ್ಷರಗಳಲ್ಲಿ ಮುದ್ರಿಸಕೂಡದು, ರಷ್ಯನ್ ಅಕ್ಷರಗಳಲ್ಲಿ ಬೇಕಾದರೆ ಮುದ್ರಿಸಬಹುದು ಎಂದಿತು. ನಾಳೆ ಬೆಳಿಗ್ಗೆ ನಿಮ್ಮ ಕನ್ನಡ ಪಠ್ಯಪುಸ್ತಕವನ್ನು ಕಿತ್ತುಕೊಂಡು, 'ಇನ್ನು ಮುಂದೆ ನಿಮ್ಮ ಭಾಷೆಯನ್ನು ಬೇರೆ ಲಿಪಿಯಲ್ಲಿ ಓದಿ' ಎಂದರೆ ನಿಮಗೆ ಹೇಗನಿಸೀತು?

ಜನ ಆ ಪುಸ್ತಕಗಳನ್ನು ಮುಟ್ಟಲಿಲ್ಲ. ಪಕ್ಕದ ಜರ್ಮನಿಯ ಪ್ರಷ್ಯಾ ಪ್ರಾಂತದಲ್ಲಿ ಲಿಥುವೇನಿಯಾದ ಪುಸ್ತಕಗಳನ್ನು ಮುದ್ರಿಸಿ, ರಾತ್ರಿ ಹೊತ್ತು ಗಡಿ ದಾಟಿಸಿ ತರತೊಡಗಿದರು. ತರುತ್ತಿದ್ದವರು ರೈತರು, ಪಾದ್ರಿಗಳು, ವಿದ್ಯಾರ್ಥಿಗಳು. ಇವರನ್ನು ಜನ 'ಪುಸ್ತಕ ಹೊರುವವರು' ಎಂದು ಕರೆದರು. ಸಿಕ್ಕಿಬಿದ್ದರೆ ಸೆರೆಮನೆ, ಇಲ್ಲವೇ ಸೈಬೀರಿಯಾಕ್ಕೆ ಗಡೀಪಾರು. ಅಂದು ಪ್ರಷ್ಯಾದಲ್ಲಿ ಅಚ್ಚಾಗಿ ಬಂದ ಪತ್ರಿಕೆಗಳಲ್ಲಿ ಒಂದರ ಹೆಸರು 'ಔಶ್ರ'. ಅದರ ಮೊದಲ ಸಂಚಿಕೆ ಹೊರಬಂದದ್ದು 1883ರಲ್ಲಿ. ಈಗ ನಿಮಗೆ ಶ್ಯೌಲೇಯ್ ವಸ್ತು ಸಂಗ್ರಹಾಲಯದ ಹೆಸರಿನ ತೂಕ ತಿಳಿದಿರಬೇಕು.

ಶಾಲೆಗಳಲ್ಲಿ ಕಲಿಸದ ಅಕ್ಷರವನ್ನು ಮನೆಗಳಲ್ಲಿ ಕಲಿಸಿದರು. ಪೇತ್ರಸ್ ರಿಮ್ಶಾ ಎಂಬ ಶಿಲ್ಪಿ 1906ರಲ್ಲಿ ಮಾಡಿದ ಒಂದು ಶಿಲ್ಪವಿದೆ. ತಾಯಿ ರಾಟೆಯಲ್ಲಿ ನೂಲು ತೆಗೆಯುತ್ತ ಕುಳಿತಿದ್ದಾಳೆ. ಪಕ್ಕದಲ್ಲಿ ಮಗು ಪುಸ್ತಕ ಹಿಡಿದು ಓದುತ್ತಿದೆ. ಶಿಲ್ಪದ ಹೆಸರು 'ಲಿಥುವೇನಿಯಾದ ಶಾಲೆ'. ನಲವತ್ತು ವರ್ಷಗಳ ನಂತರ, 1904ರಲ್ಲಿ, ಸರ್ಕಾರವೇ ಸೋತು ನಿಷೇಧವನ್ನು ಹಿಂತೆಗೆದುಕೊಂಡಿತು. ಪುಸ್ತಕ ಹೊತ್ತವರಲ್ಲಿ ಎಲ್ಲರಿಗಿಂತ ಹೆಸರಾದವನು ಯುರ್ಗಿಸ್ ಬಿಯೆಲಿನಿಸ್. ಅವನ ಹುಟ್ಟುಹಬ್ಬವಾದ ಮಾರ್ಚ್ 16ನ್ನು ಇಂದು ದೇಶವೆಲ್ಲ 'ಪುಸ್ತಕ ಹೊರುವವರ ದಿನ' ಎಂದು ಆಚರಿಸುತ್ತದೆ. ಮರಳಿ ಬಂದದ್ದು ಏನು ಎಂದು ಕೇಳಿದೆವಲ್ಲ, ಅದಕ್ಕೆ ಮೊದಲ ಉತ್ತರ ಇದು. ಅಕ್ಷರ ಮರಳಿ ಬಂತು.

ಎರಡನೆಯ ಉತ್ತರಕ್ಕಾಗಿ ಊರಿನಿಂದ ಉತ್ತರಕ್ಕೆ ಹೋಗೋಣ. ಜೋನಿಶ್ಕಿಸ್ ಕಡೆಗೆ ಹೋಗುವ ಬಸ್ಸನ್ನು ಹತ್ತಿ, ಸುಮಾರು 12 ಕಿಲೋಮೀಟರ್ ಹೋದ ಮೇಲೆ ದೊಮಂತೈ ಎಂಬಲ್ಲಿ ಇಳಿಯಬೇಕು. ಅಲ್ಲಿಂದ ಎರಡು ಕಿಲೋಮೀಟರ್ ನಡಿಗೆ. ಎರಡೂ ಕಡೆ ಬಯಲು. ದೂರದಲ್ಲಿ ಏನೋ ಪೊದೆ ಬೆಳೆದಂತೆ ಕಾಣುತ್ತದೆ. ಹತ್ತಿರ ಹೋದಂತೆ ಅದು ಪೊದೆಯಲ್ಲ, ಶಿಲುವೆಗಳು ಎಂದು ತಿಳಿಯುತ್ತದೆ. ಇದೇ 'ಶಿಲುವೆಗಳ ಬೆಟ್ಟ'. ಬೆಟ್ಟವೆಂದರೆ ನಮ್ಮ ಚಾಮುಂಡಿ ಬೆಟ್ಟದಂತೆ ಊಹಿಸಿಕೊಳ್ಳಬೇಡಿ. ಇದೊಂದು ಪುಟ್ಟ ದಿಬ್ಬ, ಹಿಂದೆ ಕೋಟೆಯಿದ್ದ ಜಾಗ. ಆದರೆ ಅದರ ಮೇಲೆ ಕಾಲಿಡಲೂ ಸ್ಥಳವಿಲ್ಲದಂತೆ ಶಿಲುವೆಗಳು. ಆಳೆತ್ತರದವು, ಅಂಗೈಯಗಲದವು, ಮರದವು, ಕಬ್ಬಿಣದವು. ದೊಡ್ಡ ಶಿಲುವೆಗಳ ತೋಳುಗಳಿಗೆ ನೇತುಹಾಕಿದ ಸಾವಿರಾರು ಜಪಮಾಲೆಗಳು. ಗಾಳಿ ಬೀಸಿದಾಗ ಅವೆಲ್ಲ ಒಂದಕ್ಕೊಂದು ತಾಗಿ ಸಣ್ಣಗೆ ಕಿಣಿಕಿಣಿ ಎನ್ನುತ್ತವೆ. 2006ರ ಹೊತ್ತಿಗೆ ಇವುಗಳ ಸಂಖ್ಯೆ ಸುಮಾರು ಒಂದು ಲಕ್ಷವೆಂದು ಅಂದಾಜು ಮಾಡಲಾಗಿತ್ತು.

ಇದು ಹೇಗೆ ಆರಂಭವಾಯಿತು? 1831ರಲ್ಲಿ ಜಾರ್‌ನ ವಿರುದ್ಧ ನಡೆದ ದಂಗೆಯಲ್ಲಿ ಸತ್ತ ಎಷ್ಟೋ ಜನರ ದೇಹ ಮನೆಯವರಿಗೆ ಸಿಗಲಿಲ್ಲ. ಮಣ್ಣು ಮಾಡಲು ದೇಹವಿಲ್ಲದವರು ಇಲ್ಲಿ ಒಂದು ಶಿಲುವೆಯನ್ನು ನೆಟ್ಟು ಹೋದರು ಎಂದು ಹೇಳುತ್ತಾರೆ. ಬರವಣಿಗೆಯಲ್ಲಿ ಈ ದಿಬ್ಬದ ಪ್ರಸ್ತಾಪ ಸಿಗುವುದು 1850ರಿಂದ. ಮುಂದೆ 1918ರಲ್ಲಿ ದೇಶ ಸ್ವತಂತ್ರವಾಯಿತು. ಆದರೆ 1940ರಲ್ಲಿ ಸೋವಿಯತ್ ಒಕ್ಕೂಟ ಅದನ್ನು ವಶಪಡಿಸಿಕೊಂಡಿತು. ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಸೈಬೀರಿಯಾ ಮುಂತಾದ ದೂರ ಪ್ರದೇಶಗಳಿಗೆ ಗಡೀಪಾರು ಮಾಡಲಾಯಿತು. ಸ್ಟಾಲಿನ್ 1953ರಲ್ಲಿ ತೀರಿಕೊಂಡ ಮೇಲೆ ಬದುಕುಳಿದವರು ಒಬ್ಬೊಬ್ಬರಾಗಿ ಹಿಂತಿರುಗಿದರು. ಹಿಂತಿರುಗದವರ ಹೆಸರಿನಲ್ಲಿ ದಿಬ್ಬದ ಮೇಲೆ ಶಿಲುವೆಗಳು ಹೆಚ್ಚಿದವು.

ಅಧಿಕಾರಿಗಳಿಗೆ ಇದು ಹಿಡಿಸಲಿಲ್ಲ. 1961ರ ವಸಂತದಲ್ಲಿ ಬುಲ್‌ಡೋಜರ್‌ಗಳು ಬಂದವು. ಎರಡು ಸಾವಿರಕ್ಕೂ ಹೆಚ್ಚು ಶಿಲುವೆಗಳು ಉರುಳಿದವು. ಮರದವನ್ನು ಸುಟ್ಟರು, ಕಬ್ಬಿಣದವನ್ನು ಗುಜರಿಗೆ ಹಾಕಿದರು, ಕಲ್ಲಿನವನ್ನು ಒಡೆದು ಹೂಳಿದರು. ಆದರೆ ಜನ ಕತ್ತಲಾದ ಮೇಲೆ ಮತ್ತೆ ಬಂದರು. ಕೋಟಿನ ಒಳಗೆ ಬಚ್ಚಿಟ್ಟುಕೊಂಡು ತಂದ ಶಿಲುವೆಗಳನ್ನು ನೆಟ್ಟು ಹೋದರು. 1970ರ ದಶಕದಲ್ಲಿ ದಿಬ್ಬವನ್ನು ಮತ್ತೆ ಮತ್ತೆ ಬೋಳು ಮಾಡಲಾಯಿತು. ದಾರಿಯಲ್ಲಿ ಕಾವಲು ಹಾಕಿದರು. ಶಿಲುವೆಗಳು ಮತ್ತೆ ಮತ್ತೆ ಎದ್ದವು. ಇಲ್ಲಿ ಭಾಷಣವಿಲ್ಲ, ಮೆರವಣಿಗೆಯಿಲ್ಲ, ನಾಯಕನಿಲ್ಲ. ಕಿತ್ತುಹಾಕಿದ್ದನ್ನು ಮತ್ತೆ ನೆಡುವುದು, ಅಷ್ಟೆ.

ಆ ದಿನಗಳಲ್ಲಿ ಹೊರದೇಶದವರು ಶ್ಯೌಲೇಯ್‌ಗೆ ಬರುವಂತಿರಲಿಲ್ಲ. ಊರಿನ ಪಕ್ಕದಲ್ಲಿ ಸೋವಿಯತ್ ವಾಯುಪಡೆಯ ದೊಡ್ಡ ನೆಲೆಯಿತ್ತು. 1990ರ ಮಾರ್ಚ್ 11ರಂದು ಲಿಥುವೇನಿಯಾ ತನ್ನ ಸ್ವಾತಂತ್ರ್ಯವನ್ನು ಮತ್ತೆ ಸಾರಿತು. 1993ರ ಆಗಸ್ಟ್ 31ರಂದು ರಷ್ಯದ ಕೊನೆಯ ಸೈನಿಕರು ದೇಶ ಬಿಟ್ಟರು. ಒಂದು ವಾರ ಕಳೆದು, ಸೆಪ್ಟೆಂಬರ್ 7ರಂದು, ಎರಡನೆಯ ಜಾನ್ ಪಾಲ್ ಪೋಪ್ ಅವರು ಈ ದಿಬ್ಬಕ್ಕೆ ಬಂದು ಪ್ರಾರ್ಥನೆ ಸಲ್ಲಿಸಿದರು. ಆಮೇಲೆ ಈ ಜಾಗ ಲೋಕಕ್ಕೆಲ್ಲ ತಿಳಿಯಿತು. ಲಿಥುವೇನಿಯಾದ ಶಿಲುವೆ ಕೆತ್ತನೆಯ ಕಲೆಗೆ 2001ರಲ್ಲಿ ಯುನೆಸ್ಕೋದ ಮನ್ನಣೆಯೂ ದೊರೆಯಿತು. ಈ ಶಿಲುವೆಗಳನ್ನು ಹತ್ತಿರದಿಂದ ನೋಡಿ. ಅಡ್ಡ ತೋಳು ಮತ್ತು ಕಂಬ ಸೇರುವಲ್ಲಿ ಹಲವದರಲ್ಲಿ ಸುತ್ತಲೂ ಕಿರಣ ಚೆಲ್ಲುವ ಸೂರ್ಯನಿದ್ದಾನೆ. ಕ್ರೈಸ್ತಧರ್ಮ ಬರುವ ಮೊದಲು ಈ ಜನ ಪೂಜಿಸುತ್ತಿದ್ದ ಸೌಲೆ ಅಲ್ಲಿ ಹಾಗೆಯೇ ಉಳಿದುಕೊಂಡಿದ್ದಾಳೆ.

ಮಿತ್ರರೇ, ಇಲ್ಲಿಗೇ ನಿಲ್ಲಿಸಿದರೆ ಇದು ಬಹಳ ಸಂತೋಷದ ಕಥೆ. ಕಳೆದದ್ದೆಲ್ಲ ಮರಳಿ ಬಂತು ಎಂದು ನಾವು ಮನೆಗೆ ಹೋಗಬಹುದು. ಆದರೆ ಅದು ಪೂರ್ತಿ ನಿಜವಾಗುವುದಿಲ್ಲ. ಅದೇ ರಸ್ತೆಯಲ್ಲಿ ಮುಂದೆ ಹೋಗೋಣ.

ಶ್ಯೌಲೇಯ್‌ನಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಲಾಟ್ವಿಯಾದ ಗಡಿಗೆ ಸಮೀಪದಲ್ಲಿ ಜೋನಿಶ್ಕಿಸ್ ಎಂಬ ಪುಟ್ಟ ಪಟ್ಟಣವಿದೆ. ಅದರ ಪೇಟೆಯ ಬಳಿ ಅಕ್ಕಪಕ್ಕದಲ್ಲೇ ಎರಡು ಕಟ್ಟಡಗಳು. ಒಂದು ಬಿಳಿ, ಇನ್ನೊಂದು ಕೆಂಪು. ಎರಡೂ ಯೆಹೂದ್ಯರ ಪ್ರಾರ್ಥನಾ ಮಂದಿರಗಳು, ಅಂದರೆ ಸಿನಗಾಗ್‌ಗಳು. ಬಿಳಿಯದನ್ನು 1823ರಲ್ಲಿ, ಕೆಂಪು ಇಟ್ಟಿಗೆಯದನ್ನು 1865ರಲ್ಲಿ ಕಟ್ಟಿದರು. ಇವನ್ನು ಜೋಪಾನವಾಗಿ ದುರಸ್ತಿ ಮಾಡಲಾಗಿದೆ. ಒಳಗೆ ಹೋಗಿ ನೋಡಬಹುದು. ಆದರೆ ಪ್ರಾರ್ಥನೆ ಮಾಡುವವರು ಇಲ್ಲ.

ಅವರೆಲ್ಲ ಎಲ್ಲಿ ಹೋದರು? ಎರಡನೆಯ ಮಹಾಯುದ್ಧಕ್ಕೆ ಮುಂಚೆ ಲಿಥುವೇನಿಯಾದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಯೆಹೂದ್ಯರಿದ್ದರು. ಈ ಸಣ್ಣ ಪಟ್ಟಣಗಳಲ್ಲಿ ಅಂಗಡಿಯವರು, ದರ್ಜಿಗಳು, ಮೋಚಿಗಳು, ಉಪಾಧ್ಯಾಯರು ಎಷ್ಟೋ ಮಂದಿ ಯೆಹೂದ್ಯರೇ. ಶ್ಯೌಲೇಯ್ ಊರು ಬೆಳೆದದ್ದೇ ಹಾಯಿಮ್ ಫ್ರೆಂಕೆಲ್ ಎಂಬ ಯೆಹೂದಿ ಉದ್ಯಮಿ 1879ರಲ್ಲಿ ಆರಂಭಿಸಿದ ಚರ್ಮ ಹದಮಾಡುವ ಕಾರ್ಖಾನೆಯ ಬಲದಿಂದ. 1908ರಲ್ಲಿ ಕಟ್ಟಿದ ಅವನ ಬಂಗಲೆ ಈಗ 'ಔಶ್ರ' ಸಂಗ್ರಹಾಲಯದ ಒಂದು ಭಾಗ. 1941ರ ಜೂನ್‌ನಲ್ಲಿ ಹಿಟ್ಲರನ ಸೇನೆ ಬಂತು. ಜೋನಿಶ್ಕಿಸ್‌ನಂಥ ಪಟ್ಟಣಗಳ ಯೆಹೂದ್ಯರನ್ನು ಅದೇ ವರ್ಷ ಕಾಡುಗಳಿಗೆ ಕರೆದೊಯ್ದು ಗುಂಡಿಕ್ಕಿ ಕೊಂದರು. ಕೊಲ್ಲುವುದರಲ್ಲಿ ಜರ್ಮನ್ನರ ಜೊತೆ ಸ್ಥಳೀಯರಲ್ಲೂ ಕೆಲವರು ಕೈಜೋಡಿಸಿದ್ದರು. ಶ್ಯೌಲೇಯ್‌ನ ಯೆಹೂದ್ಯರಲ್ಲಿ ಬದುಕುಳಿದವರನ್ನು ಬೇಲಿ ಹಾಕಿದ ಕೇರಿಗಳಲ್ಲಿ ಕೂಡಿಹಾಕಿದರು. ಅವುಗಳಲ್ಲಿ ಒಂದು ಫ್ರೆಂಕೆಲ್‌ನ ಕಾರ್ಖಾನೆಯ ಪಕ್ಕದಲ್ಲೇ ಇತ್ತು. 1943ರ ನವೆಂಬರ್ 5ರಂದು, ದೊಡ್ಡವರು ಕೆಲಸಕ್ಕೆ ಹೋಗಿದ್ದಾಗ, ಅಲ್ಲಿಂದ ನೂರಾರು ಮಕ್ಕಳನ್ನು ಲಾರಿಗಳಲ್ಲಿ ತುಂಬಿಕೊಂಡು ಹೋದರು. ಆ ಮಕ್ಕಳು ಹಿಂತಿರುಗಲಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ ದೇಶದ ಯೆಹೂದ್ಯರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಇಲ್ಲವಾಗಿದ್ದರು.

ಶಿಲುವೆಯನ್ನು ಕಿತ್ತರೆ ಮತ್ತೆ ನೆಡಬಹುದು, ಏಕೆಂದರೆ ನೆಡುವವರು ಉಳಿದಿರುತ್ತಾರೆ. ಪುಸ್ತಕವನ್ನು ಸುಟ್ಟರೆ ಮತ್ತೆ ತರಬಹುದು, ಏಕೆಂದರೆ ಓದುವವರು ಉಳಿದಿರುತ್ತಾರೆ. ಜನವನ್ನೇ ಇಲ್ಲವಾಗಿಸಿದರೆ ಏನು ಮಾಡುವುದು? ಉಳಿದ ನೆರೆಯವರು ಏನು ಮಾಡಬೇಕು? ಈ ಪ್ರಶ್ನೆ ಈ ಊರುಗಳ ಮುಂದೆ ಇಂದಿಗೂ ಇದೆ.

ಇದಕ್ಕೆ ಪೂರ್ಣ ಉತ್ತರವಿಲ್ಲ. ಆದರೆ ಒಂದು ಊರು ಕೊಟ್ಟ ಪುಟ್ಟ ಉತ್ತರವನ್ನು ನೋಡಬಹುದು. ಅದಕ್ಕಾಗಿ ಶ್ಯೌಲೇಯ್‌ನ ಪೂರ್ವಕ್ಕಿರುವ ಪಕ್ರುವೋಯಿಸ್ ಎಂಬ ಪಟ್ಟಣಕ್ಕೆ ಬರಬೇಕು. ಇಲ್ಲಿ 1801ರಲ್ಲಿ ಪೂರ್ತಿ ಮರದಿಂದ ಕಟ್ಟಿದ ಸಿನಗಾಗ್ ಒಂದಿದೆ. ದೇಶದಲ್ಲಿ ಉಳಿದಿರುವ ಮರದ ಸಿನಗಾಗ್‌ಗಳಲ್ಲಿ ಇದೇ ಅತ್ಯಂತ ಹಳೆಯದು. ಯುದ್ಧದ ನಂತರ ಅದು ಬೇರೆ ಬೇರೆ ಉಪಯೋಗಕ್ಕೆ ಸಿಕ್ಕಿ, ಕೊನೆಗೆ ಹಾಳುಬಿತ್ತು. 2009ರಲ್ಲಿ ಬೆಂಕಿಗೂ ತುತ್ತಾಯಿತು. ಕೆಡವಿಬಿಡುವುದು ಸುಲಭವಿತ್ತು. ಹಾಗೆ ಮಾಡದೆ, ಯುದ್ಧಕ್ಕೆ ಮುಂಚೆ ತೆಗೆದಿದ್ದ ಛಾಯಾಚಿತ್ರಗಳನ್ನು ನೋಡಿ ನೋಡಿ ಒಳಗಿನ ಬಣ್ಣದ ಚಿತ್ರಗಳನ್ನು ಮತ್ತೆ ಬರೆಸಿದರು. ಅವುಗಳಲ್ಲಿ ಒಂದು ರೈಲುಗಾಡಿಯ ಚಿತ್ರವೂ ಇದೆ! 2017ರಲ್ಲಿ ಕೆಲಸ ಮುಗಿದು ಬಾಗಿಲು ತೆರೆಯಿತು. ಈ ಕಟ್ಟಡದಲ್ಲಿ ಏನಿಟ್ಟರು ಗೊತ್ತೇ? ಊರಿನ ಸಾರ್ವಜನಿಕ ಗ್ರಂಥಾಲಯದ ಮಕ್ಕಳ ವಿಭಾಗ. ಶಾಲೆ ಬಿಟ್ಟ ಮಕ್ಕಳು ಬಂದು ಓದುವ ಜಾಗದಲ್ಲಿ ತಲೆಯೆತ್ತಿದರೆ, ಇಲ್ಲವಾದ ನೆರೆಯವರ ಚಿತ್ರಗಳು. 'ಇವನ್ನು ಯಾರು ಬರೆದರು? ಅವರೆಲ್ಲಿ?' ಎಂದು ಒಂದಲ್ಲ ಒಂದು ದಿನ ಮಗು ಕೇಳಿಯೇ ಕೇಳುತ್ತದೆ. ದೊಡ್ಡವರು ಉತ್ತರ ಹೇಳಲೇಬೇಕಾಗುತ್ತದೆ.

ಪಶ್ಚಿಮಕ್ಕೆ ಹೋಗಲು ನಿಮಗೆ ಇನ್ನೂ ಒಂದು ದಿನವಿದ್ದರೆ ವೆಂತಾ ನದಿಯ ದಡದ ಕುರ್ಶೆನೈ ಪಟ್ಟಣವನ್ನು ನೋಡಿ ಬನ್ನಿ. ಅದು ಕುಂಬಾರರ ಊರು. ಗಸಗಸೆ ಮತ್ತು ಕೆನೆ ತುಂಬಿ ಸುರುಳಿ ಸುತ್ತಿದ ಅಲ್ಲಿನ ಸಿಹಿ ತಿನಿಸು ದೇಶಕ್ಕೆಲ್ಲ ಪ್ರಸಿದ್ಧ. ಗಸಗಸೆ ಪಾಯಸ ಉಂಡು ಬೆಳೆದ ನಮಗೆ ಅದರ ರುಚಿ ಹೊಸದಾಗಿದ್ದರೂ ಅಪರಿಚಿತವಾಗಲಾರದು.

ವಿದ್ಯಾರ್ಥಿಗಳೇ, ಶ್ಯೌಲೇಯ್‌ನಲ್ಲಿ ಅರಮನೆಗಳಿಲ್ಲ, ಹಿಮದ ಪರ್ವತಗಳಿಲ್ಲ. ಆದರೂ ಅದು ಪ್ರವಾಸಿಗೆ ಒಂದು ಪಾಠ ಕಲಿಸುತ್ತದೆ. ಯಾವ ಊರಿಗೆ ಹೋದರೂ ಎದುರಿಗೆ ಕಾಣುವುದನ್ನು ನೋಡಿ ಮುಗಿಯಿತು ಎಂದುಕೊಳ್ಳಬೇಡಿ. ಇಲ್ಲಿ ಮೊದಲು ಏನಿತ್ತು, ಅದನ್ನು ಯಾರು ಮರಳಿ ತಂದರು, ಯಾರು ಮರಳಿ ಬರಲಿಲ್ಲ ಎಂದು ಕೇಳಿ. ಸೂರ್ಯನ ನಗರಿಯ ಕಂಬದ ನೆರಳು ಹೊತ್ತನ್ನು ತೋರಿಸುತ್ತದೆ ಎಂದೆನಲ್ಲ. ಆ ಊರುಗಳಲ್ಲಿ ನೆರಳನ್ನೂ ಓದಲು ಕಲಿತರೆ ಮಾತ್ರ ಹೊತ್ತು ಎಷ್ಟಾಗಿದೆ ಎಂದು ತಿಳಿಯುತ್ತದೆ.